ಡಿಗ್ರಿ ಬಾರದ ಹಾಲು

ಹಾಲಿನ ಮೇಲೆ ಬರೆಯಿರಿ ಎಂದರೆ ಈ ನಾಡಿನ ಕವಿಗಳು ಬೆಳದಿಂಗಳಿನಿಂದ ಶುರು ಮಾಡುತ್ತಾರೆ. ನಾವು ಕೇರಿಯವರು. ನಮಗೆ ಹಾಲೆಂದರೆ ಬೆಳದಿಂಗಳಲ್ಲ, ಸುಲಭಕ್ಕೆ ಸಿಗದ ಒಂದು ಸಾಮಾನು. ಅದು ಎಲ್ಲಿ ಸಿಗುತ್ತದೆ, ಯಾರು ಕೊಡುತ್ತಾರೆ, ಎಷ್ಟು ಹೊತ್ತಿಗೆ ಹೋದರೆ ಕೊಡುತ್ತಾರೆ, ಯಾವ ಪಾತ್ರೆ ಹಿಡಿದು ಹೋಗಬೇಕು, ಯಾವ ಕಲ್ಲಿನ ಹತ್ತಿರ ನಿಲ್ಲಬೇಕು, ಏನೆಂದು ಕೂಗಬೇಕು. ಹಾಲಿನ ಬಗ್ಗೆ ನಮ್ಮ ಹಿರಿಯರು ಕಲಿತು ನಮಗೆ ಕಲಿಸಿದ ವಿದ್ಯೆ ಇಷ್ಟು. ಈ ವಿದ್ಯೆಯ ಮೇಲೆ ಯಾವ ಪಂಡಿತನೂ ಶಾಸ್ತ್ರ ಬರೆದಿಲ್ಲ. ಆದ್ದರಿಂದ ನಾವೇ ನಾಲ್ಕು ಮಾತು ಬರೆಯುತ್ತಿದ್ದೇವೆ.

ಈಗ ಕಾಲ ತಿರುಗಿದೆ. ಹಾಲು ಹುಡುಕಿಕೊಂಡು ಅಲೆಯುವ ಕೆಲಸವನ್ನು ಉಳ್ಳವರೂ ಶುರು ಮಾಡಿದ್ದಾರೆ. ಬೆಂಗಳೂರು, ಮೈಸೂರಿನ ಹೊಸ ಬಡಾವಣೆಗಳಲ್ಲಿ ಪ್ಯಾಕೆಟ್ ಹಾಲು ಬೇಡ, ಯಂತ್ರದ ಬಾಯಿಗೆ ಹೋಗದ ಹಸಿ ಹಾಲು ಬೇಕು, ಅದೂ ನಾಟಿ ಹಸುವಿನದೇ ಆಗಬೇಕು ಎನ್ನುವವರು ಹುಟ್ಟಿಕೊಂಡಿದ್ದಾರೆ. ಗಾಜಿನ ಬಾಟಲಿಗೆ ತುಂಬಿ, ಎ2 ಎಂದು ಚೀಟಿ ಅಂಟಿಸಿ ದುಬಾರಿ ದರಕ್ಕೆ ಮಾರುವವರೂ ಇದ್ದಾರೆ. ಈ ಎ1, ಎ2 ಚೀಟಿಗಳನ್ನು ಕಿತ್ತುಹಾಕಿ ಎಂದು ದಿಲ್ಲಿಯ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಆಗಸ್ಟಿನಲ್ಲಿ ಅಪ್ಪಣೆ ಹೊರಡಿಸಿತು. ಅದೇ ತಿಂಗಳೊಳಗೆ ಆ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಹಾಲಿನ ಚೀಟಿಗೆ ಅಷ್ಟು ಬಲ ಇದೆ.

ಹೊರದೇಶಗಳಲ್ಲಿ ಈ ಹುಡುಕಾಟ ಇನ್ನೂ ಜೋರು. ಅಮೆರಿಕಾದಲ್ಲಿ ಪಾಶ್ಚರೀಕರಿಸದ ಹಾಲನ್ನು ಕುಡಿಯುವುದಕ್ಕೆಂದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಗಿಸಿ ಮಾರುವುದಕ್ಕೆ 1987ರಿಂದ ನಿಷೇಧವಿದೆ. ಸ್ಕಾಟ್‌ಲೆಂಡಿನಲ್ಲಿ 1983ರಲ್ಲಿ, ಕೆನಡಾದಲ್ಲಿ 1991ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿದರು. ಜನ ಬಿಟ್ಟಾರೆಯೇ? ಅಮೆರಿಕಾದವರು ಒಂದು ಉಪಾಯ ಕಂಡುಕೊಂಡರು. ಹಾಲು ಕೊಳ್ಳುವುದು ತಪ್ಪಾದರೆ ಹಸುವನ್ನೇ ಕೊಂಡುಕೊಳ್ಳೋಣ, ಇಡೀ ಹಸುವಲ್ಲ, ಒಂದು ಪಾಲು. ಹಸು ರೈತನ ಕೊಟ್ಟಿಗೆಯಲ್ಲಿಯೇ ಇರುತ್ತದೆ. ಸಾಕಿದ್ದಕ್ಕೆ ರೈತನಿಗೆ ತಿಂಗಳ ದುಡ್ಡು. ವಾರಕ್ಕೊಮ್ಮೆ ಹೋಗಿ ತಮ್ಮ ಪಾಲಿನ ಹಾಲನ್ನು ಹುಯ್ಯಿಸಿಕೊಂಡು ಬರುವುದು. ಇದು ಮಾರಾಟವಲ್ಲ ಸ್ವಾಮಿ, ನಮ್ಮ ಹಸುವಿನ ಹಾಲನ್ನು ನಾವು ಕುಡಿಯುತ್ತೇವೆ ಎಂದು ಅವರ ವಾದ.

ಇದನ್ನು ಓದಿದಾಗ ನಮಗೆ ನಗು ಬಂತು. ಪಾಲಿನ ಹಸು ನಮಗೆ ಹೊಸದೆ? ನಮ್ಮ ಕಡೆ ಊರ ದೊಡ್ಡಮನೆಯವರು ಕರು ಕೊಡುತ್ತಿದ್ದರು, ಕೇರಿಯವನು ಅದನ್ನು ಪಾಲಿಗೆ ಸಾಕುತ್ತಿದ್ದ. ಮಳೆಯಲ್ಲಿ ನೆನೆದು ಮೇಯಿಸಿ, ತಾನು ಉಣ್ಣದಿದ್ದರೂ ಅದಕ್ಕೆ ಹುಲ್ಲು ಹಾಕಿ ಬೆಳೆಸುತ್ತಿದ್ದ. ಕರು ಕಡಸಾಗಿ ಗಬ್ಬವಾದ ಮೇಲೆ ನಾಲ್ಕು ಜನ ಕುಂತು ಬೆಲೆ ಕಟ್ಟುತ್ತಿದ್ದರು. ಕಟ್ಟಿದ ಬೆಲೆಯಲ್ಲಿ ಅರ್ಧ ಸಾಕಿದವನಿಗೆ, ಅದರಲ್ಲೂ ಹಳೆಯ ಸಾಲ ಕಳೆದು. ಹಸು ಒಡೆಯನ ಕೊಟ್ಟಿಗೆಗೆ. ಅಂದರೆ ಕೆಚ್ಚಲಿಗೆ ಹಾಲು ಇಳಿಯುವ ಹೊತ್ತಿಗೆ ಹಸು ಕೇರಿ ದಾಟಿರುತ್ತಿತ್ತು. ಅವರ ಪಾಲಿನಲ್ಲಿ ಹಾಲಿದೆ. ನಮ್ಮ ಪಾಲಿನಲ್ಲಿ ಸಗಣಿ ಇತ್ತು.

ಹಸಿ ಹಾಲಿಗೆ ಸರ್ಕಾರಗಳು ಕಡಿವಾಣ ಹಾಕಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ದನದ ಕ್ಷಯ, ಬ್ರೂಸೆಲ್ಲಾ ಜ್ವರ ಹಸಿ ಹಾಲಿನ ಮೂಲಕ ಮನುಷ್ಯನಿಗೆ ಅಂಟುತ್ತವೆ. ಹಾಲನ್ನು 72 ಡಿಗ್ರಿ ಶಾಖದಲ್ಲಿ 15 ಸೆಕೆಂಡು ಹಿಡಿದರೆ ಆ ಕ್ರಿಮಿಗಳು ಸಾಯುತ್ತವೆ. ಕಾರ್ಖಾನೆಯಲ್ಲಿ ಯಂತ್ರ ಮಾಡುವ ಈ ಕೆಲಸವನ್ನು ನಮ್ಮ ಅವ್ವಂದಿರು ಹಾಲು ಉಕ್ಕುವ ತನಕ ಒಲೆಯ ಮುಂದೆ ಕುಂತು ಮಾಡುತ್ತಾರೆ. ಕ್ರಿಮಿಗೆ ಹೆದರಿ ಮಾಡಿದ ಕಾನೂನು ನಮಗೆ ಅರ್ಥವಾಗುತ್ತದೆ. ಅರ್ಥವಾಗದೆ ಉಳಿದದ್ದು ಇನ್ನೊಂದು ಕಾನೂನು. ಅದು ಯಾವ ಗೆಜೆಟ್ಟಿನಲ್ಲೂ ಅಚ್ಚಾಗಿಲ್ಲ. ಯಾರ ಹಾಲನ್ನು ಯಾರು ಕೊಳ್ಳಬಹುದು, ಯಾರಿಗೆ ಯಾರು ಮಾರಬಹುದು ಎಂಬ ಕಾನೂನು ಅದು. ಅದರ ಕ್ರಿಮಿ 72 ಡಿಗ್ರಿಗೆ ಸಾಯುವುದಲ್ಲ.

*

ನಮ್ಮ ಅಜ್ಜಿಯ ಕಾಲದಲ್ಲಿ ಕೇರಿಗೆ ಹಾಲು ಬೇಕಾಗುತ್ತಿದ್ದದ್ದು ಎರಡೇ ಸಂದರ್ಭಕ್ಕೆ. ಒಂದು, ಬಾಣಂತಿಯ ಎದೆಹಾಲು ಬತ್ತಿ ಕೂಸು ಅರಚಿದಾಗ. ಇನ್ನೊಂದು, ಸಾಯುವವರ ಬಾಯಿಗೆ ಬಿಡಲು. ಕಾಫಿಗೆ ಟೀಗೆ ಹಾಲು ಎಂಬುದು ಇರಲೇ ಇಲ್ಲ. ಬೆಲ್ಲದ ಕರೀ ನೀರೇ ಕಾಫಿ.

ಊರಿಗೆ ಹೋಗಿ ಕೇಳಬೇಕು. ದೀಪ ಹಚ್ಚಿದ ಮೇಲೆ ಹಾಲು ಕೊಡಬಾರದು. ಮಂಗಳವಾರ, ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು. ಹೊಸದಾಗಿ ಕರು ಹಾಕಿದ ಹಸುವಿಗೆ ದೃಷ್ಟಿಯಾಗುತ್ತದೆ. ಇಷ್ಟೂ ಕಳೆದು ಉಳಿದ ಹೊತ್ತಿನಲ್ಲಿ, ಕೊಡುವ ಮನಸ್ಸಿದ್ದವರು ನಮ್ಮ ಪಾತ್ರೆಗೆ ಸೋಕದಂತೆ ಮೇಲಿನಿಂದ ಹುಯ್ಯುತ್ತಿದ್ದರು. ದುಡ್ಡನ್ನು ಜಗಲಿಯ ಅಂಚಿಗೆ ಇಡಿಸಿ, ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಇದನ್ನು ಹೇಳುವಾಗ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು: “ನಮ್ ದುಡ್ಗೂ ನೀರ್ ಹಾಕರು ಕನ ಮಗ, ನಮ್ ಹಾಲ್ಗೂ ನೀರ್ ಹಾಕರು. ಅವರಿಗೆ ನೀರ್ ಮೇಲೆ ಬಲು ಆಸೆ.”

ಊರು ಕೊಡದಿದ್ದಾಗ ಕೇರಿ ತನ್ನ ದಾರಿ ಹುಡುಕಿಕೊಳ್ಳುತ್ತಿತ್ತು. ಯಾರದೋ ಮನೆಯ ಮೇಕೆ ಮರಿ ಹಾಕಿದ್ದರೆ ಅದರ ಹಾಲು. ಪಕ್ಕದ ಮನೆಯಲ್ಲಿ ಇನ್ನೊಬ್ಬ ಬಾಣಂತಿ ಇದ್ದರೆ ಅವಳ ಒಂದು ಮೊಲೆ ಅವಳ ಕೂಸಿಗೆ, ಇನ್ನೊಂದು ಈ ಕೂಸಿಗೆ. ಸಂತೆಯ ದಿನವಾದರೆ ಪೇಟೆಯ ಸಾಬರ ಬೀದಿಯ ಎಮ್ಮೆ ಹಾಲು. ಅವರು ನಮ್ಮ ಚೊಂಬನ್ನು ಕೈಯಲ್ಲಿ ಹಿಡಿದುಕೊಂಡೇ ಅಳೆದು ಕೊಡುತ್ತಿದ್ದರಂತೆ. ಅಜ್ಜಿ ಹಾಲಿನ ರುಚಿಗಿಂತ ಆ ಮಾತನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು.

ನಾಲ್ಕನೆಯ ದಾರಿ ಜೀತದ ಹುಡುಗರದು. ಜೀತ ಪದ್ಧತಿಯನ್ನು ರದ್ದು ಮಾಡುವ ಕಾಯಿದೆ ಬಂದದ್ದು 1976ರಲ್ಲಿ. ಅದಕ್ಕೆ ಮೊದಲು ನಮ್ಮ ತಾತ ಎಂಟು ವರ್ಷದ ಹುಡುಗನಾಗಿ ಒಡೆಯರ ಮನೆಯ ದನ ಕಾಯುತ್ತಿದ್ದ. ಮುತ್ತುಗದ ಎಲೆಯನ್ನು ದೊನ್ನೆ ಮಾಡಿ, ಹೊಲದ ಬದುವಿನ ಮರೆಯಲ್ಲಿ ನಾಲ್ಕು ಸೆಲೆ ಹಾಲು ಕರೆದು ಕುಡಿಯುತ್ತಿದ್ದ. ಹಸು ಒದೆಯುತ್ತಿರಲಿಲ್ಲ. ಸಂಜೆ ಹಾಲು ಕಡಮೆಯಾಯಿತೆಂದು ಒಡೆಯ ಒದೆಯುತ್ತಿದ್ದ. ಈ ಹಾಲನ್ನು ಕಳ್ಳತನವೆಂದು ಕರೆಯುವವರು ಕರೆಯಲಿ. ಮೇಯಿಸಿದವನಿಗೆ ಹಸು ಕೊಟ್ಟ ಕೂಲಿ ಎಂದು ನಾವು ಕರೆಯುತ್ತೇವೆ.

ಹಸು ಸತ್ತ ದಿನ ಮಾತ್ರ ಒಡೆಯನ ಮನೆಯವರು ತಾವೇ ಕೇರಿಗೆ ಹೇಳಿ ಕಳಿಸುತ್ತಿದ್ದರು. ಅದಕ್ಕೆ ಮಂಗಳವಾರ ಶುಕ್ರವಾರದ ಅಡ್ಡಿ ಇರಲಿಲ್ಲ. ದೀಪ ಹಚ್ಚಿದ ಮೇಲೂ ಬರಬಹುದಿತ್ತು. ಬದುಕಿದ್ದಾಗ ಹಾಲು ಊರಿಗೆ, ಸತ್ತ ಮೇಲೆ ಹೆಣ ಕೇರಿಗೆ.

ಇದು ನಮ್ಮೊಂದು ಊರಿನ ಕತೆಯಲ್ಲ. 1927ರ ಮಾರ್ಚಿಯಲ್ಲಿ ಬಾಬಾಸಾಹೇಬ್ ಅಂಬೇಡ್ಕರರ ಮುಂದಾಳ್ತನದಲ್ಲಿ ನಮ್ಮ ಜನ ಮಹಾಡಿನ ಚೌದಾರ್ ಕೆರೆಯ ನೀರು ಮುಟ್ಟಿ ಕುಡಿದರು. ಆಮೇಲೆ ಸವರ್ಣೀಯರು ಆ ಕೆರೆಯನ್ನು ಶುದ್ಧಿ ಮಾಡಿದ್ದು ಯಾವುದರಿಂದ? ಸಗಣಿ, ಗಂಜಲ, ಹಾಲು, ಮೊಸರು ಮಡಕೆಗಟ್ಟಲೆ ಸುರಿದು. ನಮ್ಮ ಕೂಸುಗಳಿಗೆ ಒಂದು ಒಳಲೆ ಸಿಗದ ಹಾಲು, ನಮ್ಮ ಮುಟ್ಟು ತೊಳೆಯಲು ಮಡಕೆಗಟ್ಟಲೆ ಸಿಕ್ಕಿತು. 1936ರಲ್ಲಿ ಜೈಪುರ ಸಂಸ್ಥಾನದ ಚಕವಾಡಾ ಎಂಬ ಹಳ್ಳಿಯಲ್ಲಿ ತೀರ್ಥಯಾತ್ರೆ ಮುಗಿಸಿ ಬಂದ ಒಬ್ಬ ಅಸ್ಪೃಶ್ಯ ತನ್ನವರಿಗೆ ಊಟ ಹಾಕಿದ. ಊಟದಲ್ಲಿ ತುಪ್ಪ ಬಡಿಸಿದ. ಅದಕ್ಕಾಗಿ ಊರಿನ ಹಿಂದೂಗಳು ಲಾಠಿ ಹಿಡಿದು ಬಂದು ಉಣ್ಣುತ್ತಿದ್ದವರನ್ನು ಬಡಿದರು. ಅಂಬೇಡ್ಕರರು ‘ಜಾತಿ ವಿನಾಶ’ದಲ್ಲಿ ಇದನ್ನು ದಾಖಲು ಮಾಡಿದ್ದಾರೆ. ತುಪ್ಪ ಅವರ ಸ್ವಂತ ದುಡ್ಡಿನದು. ಉಂಡವರು ಅವರವರೇ. ಆದರೂ ಹಾಲು ಕೆನೆಗಟ್ಟಿ, ಬೆಣ್ಣೆಯಾಗಿ, ತುಪ್ಪವಾಗುವ ದಾರಿಯುದ್ದಕ್ಕೂ ಜಾತಿ ಕಾವಲು ಕುಂತಿರುತ್ತದೆ.

*

ಹಾಲಿನ ಡೈರಿ ಬಂದ ಮೇಲೆ ಇದೆಲ್ಲ ಹೋಯಿತು ಎಂದು ಹೇಳುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವುದು ಬೇಡ, ಪರೀಕ್ಷೆ ಮಾಡೋಣ.

ಕರ್ನಾಟಕದ ಮೊದಲ ಡೈರಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಶುರುವಾಯಿತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿ ನಿಗಮ ಬಂದು, ಗುಜರಾತಿನ ಆಣಂದ್ ಮಾದರಿಯಲ್ಲಿ ಹಳ್ಳಿ ಹಳ್ಳಿಗೆ ಸಹಕಾರ ಸಂಘಗಳಾದವು. 1984ರಲ್ಲಿ ಆ ನಿಗಮವೇ ಹಾಲು ಮಹಾಮಂಡಳವಾಯಿತು. ಈ ಮಾದರಿಯನ್ನು ಹೊಗಳುವವರ ಒಂದು ಮಾತಿದೆ: ದಿನಕ್ಕೆ ಎರಡು ಸಲ ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. 40 ಲೀಟರಿನ ಕ್ಯಾನಿನೊಳಗೆ ಹೋದ ಹಾಲಲ್ಲಿ ಯಾರದು ಯಾವುದು ಎಂದು ಬ್ರಹ್ಮನೂ ಹೇಳಲಾರ. ಮಾತು ಚೆನ್ನಾಗಿದೆ. ಆದರೆ ಕ್ಯಾನಿನ ಬಾಯಿಯವರೆಗೆ ಹೋಗುವುದು ಹೇಗೆ?

ಘನಶ್ಯಾಮ್ ಶಾ, ಹರ್ಷ ಮಂದರ್, ಸುಖದೇವ್ ಥೋರಟ್, ಸತೀಶ್ ದೇಶಪಾಂಡೆ, ಅಮಿತಾ ಬಾವಿಸ್ಕರ್ ಸೇರಿ ಗ್ರಾಮೀಣ ಭಾರತದ ಅಸ್ಪೃಶ್ಯತೆಯ ಮೇಲೆ ಬರೆದ ಪುಸ್ತಕ 2006ರಲ್ಲಿ ಬಂತು. 11 ರಾಜ್ಯಗಳ 565 ಹಳ್ಳಿಗಳ ಸಮೀಕ್ಷೆ ಅದು. ನೂರಕ್ಕೆ 47 ಹಳ್ಳಿಗಳಲ್ಲಿ ದಲಿತರು ಸಹಕಾರ ಸಂಘಕ್ಕಾಗಲಿ ಖಾಸಗಿಯವರಿಗಾಗಲಿ ಹಾಲು ಮಾರಲು ತಡೆ ಇತ್ತು. ನೂರಕ್ಕೆ 25 ಹಳ್ಳಿಗಳಲ್ಲಿ ದಲಿತರು ಹಾಲು ಕೊಳ್ಳುವುದಕ್ಕೂ ತಡೆ ಇತ್ತು. ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲಿನ ಲೆಕ್ಕ ಇದು. ಗಮನಿಸಿ, ಮಾರುವುದಕ್ಕಿರುವ ತಡೆ ಕೊಳ್ಳುವುದಕ್ಕಿರುವ ತಡೆಗಿಂತ ದೊಡ್ಡದು. ನಮ್ಮ ಕಾಸು ಊರೊಳಕ್ಕೆ ಹೋಗಬಹುದು, ನಮ್ಮ ಕೈಯಿಂದ ಬಂದ ವಸ್ತು ಊರಿನ ಬಾಯಿಗೆ ಹೋಗಬಾರದು.

ನಾವು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮವ್ವ ಸ್ತ್ರೀಶಕ್ತಿ ಸಂಘದಿಂದ ಸಾಲ ತೆಗೆದು ಒಂದು ಸೀಮೆಹಸು ತಂದಳು. ನಮ್ಮ ಮನೆಯ ಗೊಂತಿಗೆ ಕಟ್ಟಿದ ಮೊದಲ ಸ್ವಂತ ಹಸು ಅದು. ಅವ್ವ ಅದಕ್ಕೆ ಮೈ ತೊಳೆದು ಅರಿಶಿನ ಕುಂಕುಮ ಇಟ್ಟಳು. ಬೂಸಾದ ಮೂಟೆ ತಂದು ನಮ್ಮ ತಲೆಯ ಹತ್ತಿರವೇ ಇಟ್ಟುಕೊಂಡು ಮಲಗಿದಳು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ನಾಡು ಹೊತ್ತಿಕೊಂಡಿತು, ಅವರು ಮಂತ್ರಿಗಿರಿ ಬಿಡಬೇಕಾಯಿತು. ನಮ್ಮವ್ವನಿಗೆ ಈ ಕತೆ ಹೇಳಿದರೆ ಅವಳಿಗೆ ಬೈಗುಳ ಯಾವುದೆಂದೇ ತಿಳಿಯುವುದಿಲ್ಲ. “ಬೂಸಾ ಏನ್ ಬಿಟ್ಟಿ ಬತ್ತದಾ? ಬೂಸಾ ತಿಂದ್ರೆ ತಾನೇ ಹಸ ಹಾಲ್ ಕೊಡದು?” ಎನ್ನುತ್ತಾಳೆ. ಅವಳ ಪ್ರಶ್ನೆಗೆ ನಮ್ಮ ವಿಮರ್ಶಕರು ಉತ್ತರ ಕೊಡಲಿ.

ಅವ್ವ ಮೊದಲ ದಿನ ಸ್ಟೀಲಿನ ಕ್ಯಾನು ಬೆಳಗಿ ಡೈರಿಗೆ ಹೋದಳು. ಕಾರ್ಯದರ್ಶಿ ಅಳತೆ ಕೊಳವೆಗೆ ಹಾಲು ಹುಯ್ಯಿಸಿ ಲ್ಯಾಕ್ಟೋಮೀಟರು ಬಿಟ್ಟ. ನೋಡಿಯೂ ನೋಡದಂತೆ ಹೇಳಿದ: “ನಿನ್ ಹಾಲ್ಗೆ ಡಿಗ್ರಿ ಬರಾಕಿಲ್ಲ ಕಣಮ್ಮಿ, ತಕ್ಕೊಂಡೋಗು.” ಎರಡನೆಯ ದಿನವೂ ಬರಲಿಲ್ಲ. ಹತ್ತನೆಯ ದಿನವೂ ಬರಲಿಲ್ಲ. ಆ ಗಾಜಿನ ಬುರುಡೆಯ ಬಗ್ಗೆ ನಾವು ಆಮೇಲೆ ಕಾಲೇಜಿನಲ್ಲಿ ಓದಿದೆವು. ಹಾಲಿಗೆ ನೀರು ಬೆರೆತರೆ ಅದು ಹೆಚ್ಚು ಮುಳುಗುತ್ತದೆ, ಡಿಗ್ರಿ ಕಮ್ಮಿ ತೋರಿಸುತ್ತದೆ. ಆಗತಾನೆ ಕರೆದ ಬಿಸಿ ಹಾಲಿನಲ್ಲೂ ಹೆಚ್ಚು ಮುಳುಗುತ್ತದೆ. ಬೆಣ್ಣೆ ಜಾಸ್ತಿಯಿದ್ದರೂ ಮುಳುಗುತ್ತದೆ. ಜಾತಿಯಿಂದ ಮುಳುಗುತ್ತದೆ ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಆ ತಿಂಗಳು ನಾವು ಮಕ್ಕಳು ಹೊಟ್ಟೆ ತುಂಬ ಹಾಲು ಕುಡಿದೆವು. ಅಷ್ಟು ಹಾಲನ್ನು ನಾವು ಹುಟ್ಟಿದ ಮೇಲೆ ಕಂಡಿರಲಿಲ್ಲ. ಅವ್ವ ಅಳುತ್ತ ಕಾಯಿಸಿ ಕಾಯಿಸಿ ಕೊಡುತ್ತಿದ್ದಳು. ನಾವು ಮೀಸೆ ಬರಿಸಿಕೊಂಡು ಕುಡಿಯುತ್ತಿದ್ದೆವು. ಕುಡಿದದ್ದು ಸಾಲದ ಕಂತು.

ಕೊನೆಗೆ ಒಂದು ದಾರಿ ಸಿಕ್ಕಿತು. ಅವ್ವ ಕೂಲಿಗೆ ಹೋಗುತ್ತಿದ್ದ ಮನೆಯಾಕೆ ಒಂದು ಮುಂಜಾನೆ, ಕತ್ತಲೆ ಹರಿಯುವ ಮೊದಲು, ಹಿತ್ತಲ ಬಾಗಿಲಲ್ಲಿ ನಮ್ಮ ಹಾಲನ್ನು ತನ್ನ ಕ್ಯಾನಿಗೆ ಹುಯ್ಯಿಸಿಕೊಂಡಳು. ತನ್ನ ಹೆಸರಿಗೆ ಡೈರಿಗೆ ಹಾಕಿದಳು. ಡಿಗ್ರಿ ಬಂತು. ಅದೇ ಹಸು, ಅದೇ ಹಾಲು, ಅದೇ ಬುರುಡೆ. ಎರಡು ವರ್ಷ ನಮ್ಮ ಹಾಲು ಆ ಹೆಸರಿನಲ್ಲಿ ಹೋಯಿತು. ಲೀಟರಿಗೆ ಎರಡು ರೂಪಾಯಿ ಆಕೆ ಹಿಡಿದುಕೊಳ್ಳುತ್ತಿದ್ದಳು. ಯುಗಾದಿಗೆ ಡೈರಿಯವರು ಕೊಡುವ ಬೋನಸ್ಸೂ ಆಕೆಗೇ. ಆಕೆ ಕೆಟ್ಟವಳಲ್ಲ. ಊರಿಗೆ ಗೊತ್ತಾದರೆ ಆಕೆಯ ಹಾಲಿಗೂ ಡಿಗ್ರಿ ಬರುತ್ತಿರಲಿಲ್ಲ. ಆ ಹೆದರಿಕೆಗೆ ಅವಳು ಹಾಕಿಕೊಂಡ ಬೆಲೆ ಲೀಟರಿಗೆ ಎರಡು ರೂಪಾಯಿ.

ಹಾಗೆಯೇ ಊರಿನ ಹಾಲು ರಾಜಾರೋಷವಾಗಿ ನಮ್ಮ ಬಾಯಿಗೆ ಬಂದದ್ದು ಪುಡಿಯಾಗಿ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಶುರುವಾಯಿತು. ಮಗುವೊಂದಕ್ಕೆ 18 ಗ್ರಾಂ ಹಾಲಿನ ಪುಡಿ, ಬಿಸಿ ನೀರಿಗೆ ಕಲಸಿದರೆ 150 ಮಿಲಿ ಹಾಲು. ಮನೆಯಿಂದ ಲೋಟ ತಂದು ಎಲ್ಲ ಹುಡುಗರೂ ಒಂದೇ ಪಾತ್ರೆಯ ಹಾಲು ಕುಡಿದೆವು. ಎಷ್ಟೋ ಹಳ್ಳಿಗಳ ಹಾಲು ಬೆರೆತು, ಕುದ್ದು, ಒಣಗಿ, ಚೀಲಕ್ಕೆ ಬಿದ್ದು ಬಂದ ಮೇಲೆ ಅದಕ್ಕೆ ಮೈಲಿಗೆ ತಾಕಲಿಲ್ಲ. ಹಾಲು ದೂರದಿಂದ ಬಂದಷ್ಟೂ ನಮಗೆ ಹತ್ತಿರ. ಹತ್ತಿರದ ಹಾಲು ಮಾತ್ರ ಬಹಳ ದೂರ.

*

ಇದು ನಮಗೆ ಪೂರ್ತಿಯಾಗಿ ತಿಳಿದದ್ದು ಪೇಟೆಗೆ ಬಂದ ಮೇಲೆ. ನಾವು ಮೂವರು ಕೇರಿಯ ಹುಡುಗರು ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ನಮ್ಮ ಮನೆಗಳಲ್ಲಿ ಡಿಗ್ರಿ ಎಂಬುದನ್ನು ಮೊದಲು ಕಂಡವರು ನಾವೇ. ಮನೆಯೊಡತಿ ಒಳ್ಳೆಯ ಹೆಂಗಸು. ನಾವು ಶನಿವಾರ ಊರಿಗೆ ಹೋಗಿ ಬರುವುದನ್ನು ನೋಡಿ, “ಏನಪ್ಪಾ, ನಿಮ್ಮ ಊರಿಂದ ಒಳ್ಳೆ ಹಸಿ ಹಾಲು ತರೋಕಾಗುತ್ತಾ? ಈ ಪ್ಯಾಕೆಟ್ ಹಾಲು ನೀರು ನೀರು” ಎಂದರು. ತಂದೆವು. ವಾರಕ್ಕೆ ಎರಡು ಲೀಟರು. ಆಕೆ ಕೆನೆ ತೋರಿಸಿ ಅಕ್ಕಪಕ್ಕದವರನ್ನು ಕರೆದರು. ಎರಡು ಲೀಟರು ಐದಾಯಿತು. ಮಧ್ಯದವರಿಲ್ಲದೆ ಅವ್ವನಿಗೆ ಪೂರಾ ದುಡ್ಡು ಸಿಕ್ಕಿದ್ದು ಅದೇ ಮೊದಲು. ಸಾಲದ ಎರಡು ಕಂತು ಒಟ್ಟಿಗೆ ತೀರಿದವು.

ಆಮೇಲೆ ಒಂದು ದಿನ ಆಕೆ ಕೋಣೆಯ ಬಾಗಿಲಿಗೆ ಬಂದು ಮಾತಾಡುತ್ತ ನಿಂತರು. ಗೋಡೆಯ ಮೇಲೆ ಬಾಬಾಸಾಹೇಬರ ಪಟ ಇತ್ತು. ಆಕೆ ಏನೂ ಕೇಳಲಿಲ್ಲ. ಮುಂದಿನ ಶನಿವಾರ ಹೇಳಿದರು: “ಡಾಕ್ಟ್ರು ಹಸಿ ಹಾಲು ಬೇಡ ಅಂದಿದ್ದಾರೆ ಕಣಪ್ಪ. ಪ್ಯಾಕೆಟ್ಟೇ ಸಾಕು.” ಅಕ್ಕಪಕ್ಕದ ನಾಲ್ಕು ಮನೆಗಳಿಗೂ ಅದೇ ವಾರ ಅದೇ ಡಾಕ್ಟರು ಅದೇ ಮಾತು ಹೇಳಿದ್ದರು.

ಪ್ಯಾಕೆಟ್ಟಿನಲ್ಲಿ ಏನಿದೆ ಎಂದು ನಾವು ಕೇಳಲಿಲ್ಲ. ಸಾವಿರಾರು ಕೊಟ್ಟಿಗೆಗಳ ಹಾಲು ಬೆರೆತು ಬರುವ ಆ ಪ್ಯಾಕೆಟ್ಟಿನಲ್ಲಿ ನಮ್ಮಂಥವರ ಅವ್ವಂದಿರ ಹಾಲಿಲ್ಲ ಎಂದು ಯಾರು ಪ್ರಮಾಣ ಮಾಡುತ್ತಾರೆ? ಹೆಸರಿಲ್ಲದ ಹಾಲನ್ನು ಎಲ್ಲರೂ ಕುಡಿಯುತ್ತಾರೆ. ಹಸಿ ಹಾಲಿಗೆ ಮಾತ್ರ ಕೊಟ್ಟಿಗೆ ಗೊತ್ತಿರಬೇಕು, ಕರೆಯುವ ಕೈ ಗೊತ್ತಿರಬೇಕು, ತರುವ ಮುಖ ಗೊತ್ತಿರಬೇಕು. ಹತ್ತಿರದ ರೈತನಿಂದಲೇ ನೇರವಾಗಿ ಹಾಲು ಕೊಳ್ಳಿ, ಅವನ ಪರಿಚಯ ಮಾಡಿಕೊಳ್ಳಿ ಎಂದು ಹೊಸ ಕಾಲದ ಆರೋಗ್ಯವಂತರು ಉಪದೇಶ ಮಾಡುತ್ತಾರೆ. ಈ ನಾಡಿನಲ್ಲಿ ಪರಿಚಯ ಮಾಡಿಕೊಳ್ಳುವುದೆಂದರೆ ಜಾತಿ ಕೇಳುವುದು.

ಕಾನೂನು ಏನು ಹೇಳುತ್ತದೆ ಎಂದು ಕೇಳಬಹುದು. ಸಂವಿಧಾನದ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. 1955ರ ಕಾಯಿದೆಯ, ಅಂದರೆ ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಕರೆಯುವುದರ, 6ನೆಯ ಸೆಕ್ಷನ್ನು ಅಸ್ಪೃಶ್ಯತೆಯ ಕಾರಣಕ್ಕೆ ಸಾಮಾನು ಮಾರದವನನ್ನು ಶಿಕ್ಷಿಸುತ್ತದೆ. ನಮ್ಮ ಅಜ್ಜಿಗೆ ಹಾಲು ಮಾರದವರು ಆ ಸೆಕ್ಷನ್ನಿಗೆ ಸಿಗುತ್ತಾರೆ. ನಮ್ಮವ್ವನ ಹಾಲನ್ನು ಕೊಳ್ಳದ ಮನೆಯೊಡತಿಯನ್ನು ಅದು ಕೇಳುವುದಿಲ್ಲ. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯಿಂದ ಆರ್ಥಿಕ ಬಹಿಷ್ಕಾರವೂ ಅಪರಾಧವಾಯಿತು. ಅದು ಸಂಘಗಳಿಗೆ, ಊರಿನ ಕಟ್ಟುಪಾಡುಗಳಿಗೆ ಹಾಕುವ ಲಗಾಮು. ಒಬ್ಬೊಬ್ಬರ ನಾಲಿಗೆಗೆ ಹಾಕುವ ಲಗಾಮು ಯಾವ ಶಾಸನಸಭೆಯಲ್ಲೂ ಇಲ್ಲ.

ಇನ್ನೊಂದು ಕಡೆಯಿಂದ ನೋಡಿ. 2011ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಹಾಲು ಮಾರುವವರು ಎಷ್ಟೇ ಸಣ್ಣವರಾದರೂ ನೋಂದಣಿ ಮಾಡಿಸಬೇಕು. ಆ ನಿಯಮಗಳು ಬಂದಾಗ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ಸಹಕಾರ ಸಂಘದ ಸದಸ್ಯರಾಗಿ, ಇದ್ದ ಹಾಲನ್ನೆಲ್ಲ ಸಂಘಕ್ಕೇ ಹಾಕುವವರಿಗೆ ಮಾತ್ರ ಇದರಿಂದ ವಿನಾಯಿತಿ. ಸಂಘದ ಬಾಗಿಲಲ್ಲಿ ‘ಡಿಗ್ರಿ ಬರಲ್ಲ’ ಎನಿಸಿಕೊಂಡವಳು ಮನೆಮನೆಗೆ ಹೋಗಿ ಮಾರಿದರೆ ಪರವಾನಗಿ ಕೇಳುವವರು ಬರಬಹುದು. ಒಳಗೂ ಬಿಡದೆ ಹೊರಗೂ ಬಿಡದೆ ನಿಲ್ಲಿಸುವ ಜಾಗ ಅದು. ಆ ಜಾಗ ನಮಗೆ ಬಹಳ ಹಳೆಯ ಪರಿಚಯ.

*

ಡಿಗ್ರಿ ಮುಗಿಸಿ ಊರಿಗೆ ಹೋದ ಮೇಲೆ ನಾವು ಮಾಡಿದ ಮೊದಲ ಕೆಲಸ ಒಂದು ಅರ್ಜಿ ಬರೆದದ್ದು. ಅಷ್ಟು ಹೊತ್ತಿಗೆ ಕೇರಿಯಲ್ಲಿ ಹನ್ನೊಂದು ಮನೆಯಲ್ಲಿ ಹಸುಗಳಿದ್ದವು. ಹನ್ನೊಂದು ಮನೆಯ ಹಾಲೂ ಯಾರ ಯಾರದೋ ಹೆಸರಿನಲ್ಲಿ ಹಿತ್ತಲ ಬಾಗಿಲಿನಿಂದ ಹೋಗುತ್ತಿತ್ತು. ಅರ್ಜಿಯಲ್ಲಿ ನಾವು ಜಾತಿಯ ಮಾತೇ ಎತ್ತಲಿಲ್ಲ. ಇಷ್ಟೇ ಕೇಳಿದೆವು: ನಮಗೆ ಸದಸ್ಯತ್ವ ಕೊಡಿ. ಹಾಲು ವಾಪಸು ಮಾಡುವುದಾದರೆ ಎಷ್ಟು ಡಿಗ್ರಿ ಬಂತು ಎಂದು ಪ್ರತಿ ದಿನ ಚೀಟಿಯಲ್ಲಿ ಬರೆದು ರುಜು ಹಾಕಿ ಕೊಡಿ. ಒಂದು ಪ್ರತಿ ಕಾರ್ಯದರ್ಶಿಗೆ, ಒಂದು ಅವನ ಮೇಲಿನವರಿಗೆ, ಒಂದು ತಹಶೀಲ್ದಾರರಿಗೆ.

ಹನ್ನೊಂದು ಹೆಂಗಸರು ಹನ್ನೊಂದು ಕ್ಯಾನು ಹಿಡಿದು ಒಂದೇ ಮುಂಜಾನೆ ಹೋದರು. ಕಾರ್ಯದರ್ಶಿ ಬುರುಡೆ ಬಿಟ್ಟ. ಪೆನ್ನು ಎತ್ತಿಕೊಂಡ. ಕೆಳಗಿಟ್ಟ. ಬರೆದು ರುಜು ಹಾಕುವುದೆಂದರೆ ಸುಳ್ಳು ಹೇಳಿದಷ್ಟು ಸುಲಭವಲ್ಲ. ಹನ್ನೊಂದು ಹಾಲಿಗೂ ಡಿಗ್ರಿ ಬಂತು. ಅವ್ವ ಮನೆಗೆ ಬಂದು ಪಾಸ್‌ಬುಕ್ಕನ್ನು ನಮ್ಮ ಕೈಗಿಟ್ಟು, “ನಿಮ್ಗೂ ಡಿಗ್ರಿ ಬಂತು, ನನ್ ಹಾಲ್ಗೂ ಬಂತು. ಯಾವ್ದು ಮೊದ್ಲು ಬಂತಪ್ಪ?” ಎಂದು ಕೇಳಿದಳು.

ಕತೆಯನ್ನು ಇಲ್ಲಿಗೆ ನಿಲ್ಲಿಸಿದರೆ ನಮ್ಮ ಗೆಳೆಯರು ಚಪ್ಪಾಳೆ ಹೊಡೆಯುತ್ತಾರೆ. ಆದರೆ ಹಾಲು ಕೊಳ್ಳುವ ಮಾತು ಹಾಗೇ ಉಳಿದಿದೆ. ಹಳ್ಳಿಯ ಡೈರಿಗಳಲ್ಲಿ ಬೆಳಿಗ್ಗೆ ಸಂಜೆ ಊರಿನವರಿಗೂ ಒಂದಿಷ್ಟು ಹಸಿ ಹಾಲು ಮಾರುತ್ತಾರೆ. ಅದಕ್ಕೆ ಲೋಕಲ್ ಸೇಲ್ ಎನ್ನುತ್ತಾರೆ. ನಮ್ಮ ಊರಿನ ಡೈರಿಯಲ್ಲಿ ಲೋಕಲ್ ಸೇಲಿಗೆ ಒಂದು ಬೇರೆ ಕ್ಯಾನು ಇದೆ. ಕೇರಿಯ ಹೆಂಗಸರನ್ನು ಸಾಲಿನ ಕೊನೆಗೆ ನಿಲ್ಲಿಸುವುದು ಯಾಕೆಂದು ನಮಗೆ ಬಹಳ ದಿನ ತಿಳಿದಿರಲಿಲ್ಲ. ಬರೀ ಹಳೆಯ ಅಭ್ಯಾಸ ಎಂದುಕೊಂಡಿದ್ದೆವು. ಅಲ್ಲ, ಅದರಲ್ಲಿ ಲೆಕ್ಕ ಇದೆ. ಊರಿನವರು ಹಾಕುವ ಹಾಲಿನಲ್ಲಿ ಆ ಬೇರೆ ಕ್ಯಾನು ಮೊದಲು ತುಂಬಬೇಕು. ಊರಿಗೆ ಮಾರುವುದು ಅದರಿಂದ. ಆಮೇಲೆ ಬರುವ ನಮ್ಮ ಹಾಲು ಪೇಟೆಗೆ ಹೋಗುವ ಕ್ಯಾನಿಗೆ. ಪೇಟೆಯ ಮನೆಯೊಡತಿಯರು ಅದನ್ನು ಪ್ಯಾಕೆಟ್ಟಿನಲ್ಲಿ ನೆಮ್ಮದಿಯಾಗಿ ಕುಡಿಯಲಿ. ಇನ್ನು ಕೇರಿಯವರು ಚೊಂಬು ಹಿಡಿದು ಹೋದರೆ, ಬೇರೆ ಕ್ಯಾನು ಅರ್ಧ ಇದ್ದರೂ ಒಂದೇ ಮಾತು: “ಲೋಕಲ್ ಸೇಲ್ ಮುಗೀತು.”

ಕಾರ್ಯದರ್ಶಿ ಸಮಾಧಾನ ಹೇಳುತ್ತಾನೆ: ನಿಮ್ಮ ಹಾಲು ತಗೋತಿದೀವಲ್ಲ, ಇನ್ನೇನು? ನಿಮ್ಮ ನಿಮ್ಮಲ್ಲೇ ಮಾರ್ಕೊಳ್ಳಿ, ಕೇರೀಲಿ ಈಗ ಹಾಲಿಗೇನು ಬರ? ನಿಜ, ಕೇರಿಯಲ್ಲಿ ಈಗ ಹಾಲಿದೆ. ಹಸುವಿಲ್ಲದ ಮನೆಗೆ ಹಸುವಿದ್ದ ಮನೆ ಕೊಡುತ್ತದೆ, ನಮ್ಮ ಅಜ್ಜಿಯ ಕಾಲದ ಹಾಗೆ ಸಾಯುವವರ ಬಾಯಿಗೆ ಹಾಲು ಹುಡುಕಿಕೊಂಡು ಓಡಬೇಕಾಗಿಲ್ಲ. ಆದರೆ ನಾವು ಕೇಳುತ್ತಿರುವುದು ಹಾಲನ್ನಲ್ಲ, ಕ್ಯಾನನ್ನು. ಸರ್ಕಾರದ ಕಾನೂನಿನಲ್ಲಿ ನೋಂದಣಿಯಾದ ಸಂಘದೊಳಗೆ ಎರಡು ಕ್ಯಾನು ಇರಬಾರದು. ಹೋಟೆಲುಗಳಲ್ಲಿ ಎರಡು ಲೋಟ ಇಡಬಾರದೆಂದು ನಮ್ಮ ಹಿರಿಯರು ಜಗಳ ಮಾಡಿದರು, ಏಟು ತಿಂದರು. ಎರಡು ಲೋಟ ಹೋಗಿ ಎರಡು ಕ್ಯಾನು ಬಂದರೆ ನಾವು ಮುಂದಕ್ಕೆ ಹೋದದ್ದೆಷ್ಟು?

ಈಗ ಹನ್ನೊಂದು ಹೆಂಗಸರೂ ಒಂದು ತೀರ್ಮಾನಕ್ಕೆ ಬಂದಿದ್ದಾರೆ. ಡೈರಿಯ ಬಾಗಿಲು ತೆಗೆಯುವುದು ಬೆಳಿಗ್ಗೆ ಆರಕ್ಕೆ. ಇವರು ಐದೂವರೆಗೇ ಹೋಗಿ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದಾರೆ. ಮೊದಲು ನಿಂತವರ ಹಾಲು ಮೊದಲ ಕ್ಯಾನಿಗೆ ಬೀಳಬೇಕು, ಇದು ಸಾಲಿನ ನ್ಯಾಯ. ಮೊದಲ ದಿನ ಕಾರ್ಯದರ್ಶಿ ಬಾಗಿಲನ್ನು ಏಳಕ್ಕೆ ತೆಗೆದ. ಎರಡನೆಯ ದಿನ ಊರಿನ ಕೆಲವರು ಹಾಲು ಹಾಕದೆ ವಾಪಸು ಹೋದರು. ಮೂರನೆಯ ದಿನ ಆ ಕೆಲವರಲ್ಲಿ ಇಬ್ಬರು ಬಂದರು. ಕರೆದ ಹಾಲು ಯಾರ ಜಾತಿಯದಾದರೂ ಮಧ್ಯಾಹ್ನದ ಹೊತ್ತಿಗೆ ಕೆಡುತ್ತದೆ. ಆ ಬೇರೆ ಕ್ಯಾನು ಇನ್ನೂ ಒಳಗೇ ಇದೆ. ಅದರ ಮುಚ್ಚಳ ಯಾವಾಗ ತೆಗೆಯುತ್ತಾರೆ ಎಂದು ನೋಡುತ್ತ ಅವ್ವ ಮತ್ತು ಅವಳ ಜೊತೆಯವರು ದಿನಾ ನಿಂತಿದ್ದಾರೆ. ನಾವು ಎರಡನೆಯ ಅರ್ಜಿ ಬರೆದಿದ್ದೇವೆ. ಈ ಸಲ ಅದರಲ್ಲಿ ಜಾತಿಯ ಮಾತನ್ನೂ ಕಾಯಿದೆಯ ಸೆಕ್ಷನ್ನನ್ನೂ ಬರೆದಿದ್ದೇವೆ. ಕೆಳಗೆ ಹನ್ನೊಂದು ಹೆಬ್ಬೆಟ್ಟು, ರುಜುಗಳಿವೆ.